ಅಂಗಡಿ ಕೆಲಸ ಬಿಟ್ಟವರು ಮರುಗುತ್ತಾರೆಯೇ?

ಬೀದರಿನ ಗಾಂಧಿಗಂಜ್‌ನ ಕಿರಾಣಿ ಮಳಿಗೆಗಳಲ್ಲಿ, ಭಾಲ್ಕಿ ಮತ್ತು ಔರಾದಿನ ಬಟ್ಟೆ ಅಂಗಡಿಗಳಲ್ಲಿ ನಿಮಗಿಂತ ನಾಲ್ಕೈದು ವರ್ಷ ಹಿರಿಯರಾದ ಯುವಕ ಯುವತಿಯರು ಗಿರಾಕಿಗಳಿಗೆ ಮಾಲು ತೋರಿಸುವುದನ್ನು ನೀವು ನೋಡಿರುತ್ತೀರಿ. ದಿನವಿಡೀ ನಿಂತು ಮಾಡುವ ಕೆಲಸ, ಪಗಾರ ಕಡಿಮೆ. ಕೆಲವರು ಬೇಸತ್ತು ಹೈದರಾಬಾದಿನ ರೈಲು ಹತ್ತುತ್ತಾರೆ. ಕೆಲವರು ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ ಕೂಡುತ್ತಾರೆ. ಮುಂದೆ ಅವರಿಗೆ ‘ಬಿಡಬಾರದಿತ್ತು’ ಎನಿಸುತ್ತದೆಯೇ?

ಉತ್ತರ ಹುಡುಕುವ ಮುನ್ನ ಯಾರನ್ನು ಕೇಳುತ್ತಿದ್ದೇವೆ ಎಂಬುದನ್ನು ಗಮನಿಸಿ. ಊರಿನ ಅಂಗಡಿಯಲ್ಲಿ ಕೇಳಿದರೆ, ಹೋಗಿ ಸೋತು ಮರಳಿದವರೇ ಸಿಗುತ್ತಾರೆ. ಹೈದರಾಬಾದಿನಲ್ಲಿ ಕೇಳಿದರೆ ನೆಲೆ ನಿಂತವರೇ ಸಿಗುತ್ತಾರೆ. ಎರಡೂ ಕಡೆ ಸಿಗುವುದು ಅರ್ಧ ಸತ್ಯ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಆಯ್ಕೆಯ ದೋಷ ಎನ್ನುತ್ತಾರೆ.

ಯಾವಾಗ ಕೇಳುತ್ತೇವೆ ಎಂಬುದೂ ಮುಖ್ಯ. ಅಮೆರಿಕದ ಮನೋವಿಜ್ಞಾನಿಗಳಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1994 ಮತ್ತು 1995ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಮೊದಮೊದಲು ಮನುಷ್ಯ ಮಾಡಿದ್ದಕ್ಕೆ ಹೆಚ್ಚು ಮರುಗುತ್ತಾನೆ. ವರ್ಷಗಳು ಉರುಳಿದ ಮೇಲೆ ಮಾಡದೆ ಬಿಟ್ಟದ್ದಕ್ಕೆ. ಕೆಲಸ ಬಿಟ್ಟ ಮೊದಲ ತಿಂಗಳ ಕಳವಳವೇ ಬೇರೆ, ಇಪ್ಪತ್ತು ವರ್ಷ ಅದೇ ಗಲ್ಲಾದ ಪಕ್ಕ ನಿಂತವರ ಕೊರಗೇ ಬೇರೆ.

ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ನಡೆಸಿದ ಪ್ರಯೋಗವೊಂದು ಸ್ವಾರಸ್ಯಕರವಾಗಿದೆ. ಕೆಲಸ ಬಿಡಲೇ ಬೇಡವೇ ಎಂಬಂಥ ಗೊಂದಲದಲ್ಲಿದ್ದವರಿಗಾಗಿ ಅವರು ಅಂತರಜಾಲದಲ್ಲಿ ನಾಣ್ಯ ಚಿಮ್ಮುವ ಏರ್ಪಾಡು ಮಾಡಿದರು. 20,000ಕ್ಕೂ ಹೆಚ್ಚು ಬಾರಿ ನಾಣ್ಯ ಚಿಮ್ಮಲಾಯಿತು. ದೊಡ್ಡ ನಿರ್ಧಾರಗಳಲ್ಲಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ ಹೆಚ್ಚು ಸಂತೋಷವಾಗಿದ್ದೇವೆ ಎಂದರು. ಆದರೆ ಅವರೆಲ್ಲ ತಾವಾಗಿಯೇ ಮುಂದೆ ಬಂದವರು. ಸೋಯಾ ಬೆಳೆ ಕೈಕೊಟ್ಟ ವರ್ಷ ಮಗನ ಪಗಾರದ ಮೇಲೆ ನಿಂತ ಔರಾದಿನ ಮನೆಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು.

ಇಲ್ಲಿ ಲೆಕ್ಕ ಬೇಕು. ಉದಾಹರಣೆಗೆ ಊರಿನಲ್ಲಿ ತಿಂಗಳಿಗೆ 9,000 ರೂಪಾಯಿ, ಹೈದರಾಬಾದಿನಲ್ಲಿ 15,000 ಎಂದು ಹಿಡಿಯೋಣ. ಕೋಣೆಯ ಬಾಡಿಗೆಯ ಪಾಲು 3,500, ಊಟಕ್ಕೆ 4,000, ಓಡಾಟಕ್ಕೆ 1,000 ಕಳೆದರೆ ಉಳಿಯುವುದು 6,500. ಊರಿನಲ್ಲಿ ಮನೆಯ ಊಟ ಇತ್ತು. ಅಕ್ಕನ ಮದುವೆಗೆ ಸೇಠ್ ಕೊಡುವ ಮುಂಗಡವೂ ಇತ್ತು. ‘ಬಿಡಬಾರದಿತ್ತು’ ಎಂಬ ಮಾತು ಬಹಳ ಸಲ ಹುಟ್ಟುವುದು ಈ ಕಳೆಯುವ ಲೆಕ್ಕವನ್ನು ಮೊದಲೇ ಮಾಡದಿದ್ದಾಗ ಎಂದು ನನಗನಿಸುತ್ತದೆ. ಪರೀಕ್ಷೆಗೆ ಕೂಡುವವರದೂ ಇದೇ ಕಥೆ. ಸಂವಿಧಾನದ 371ಜೆ ವಿಧಿಯಿಂದ ಈ ಭಾಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ 2013ರಿಂದ ಇದೆ, ನಿಜ. ಆದರೆ ಸ್ಪರ್ಧಿಸುವವರೂ ಈ ಭಾಗದವರೇ ಅಲ್ಲವೇ? ಎಷ್ಟು ವರ್ಷ ಪ್ರಯತ್ನಿಸುವುದೆಂದು ಮೊದಲೇ ಗೊತ್ತುಮಾಡಿಕೊಳ್ಳದವರಿಗೆ ಕಷ್ಟ.

ಹಾಗೆಂದು ತಪ್ಪೆಲ್ಲ ಬಿಟ್ಟುಹೋದವರದಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ನಿಗದಿಪಡಿಸಿದ್ದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ. ಹಬ್ಬದ ಮುಂದೆ ರಾತ್ರಿ ಹತ್ತರವರೆಗೆ ನಿಲ್ಲಿಸಿಕೊಂಡು, ಹೆಚ್ಚಿನ ಕೂಲಿಯ ಬದಲು ಒಂದು ಜೊತೆ ಬಟ್ಟೆ ಕೊಟ್ಟು ಕಳಿಸಿದರೆ ಯಾರು ಉಳಿದಾರು?

ಬಿಡುವ ಮುನ್ನ ನೋಡಿಕೊಳ್ಳಬೇಕಾದ್ದೂ ಉಂಟು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿಯಲ್ಲಿ ಸತತ 5 ವರ್ಷ ಸೇವೆ ಮಾಡಿದ ಕಾಯಂ ನೌಕರರಿಗೆ ವರ್ಷಕ್ಕೆ 15 ದಿನದ ವೇತನದಂತೆ ಗ್ರ್ಯಾಚುಟಿ ಸಲ್ಲಬೇಕು. ಐದನೆಯ ವರ್ಷ ಸಮೀಪಿಸಿದಾಗ ಸಿಟ್ಟಿನಲ್ಲಿ ಎದ್ದುಹೋದರೆ ಅದೂ ಹೋಗಬಹುದು. ಅನುಭವ ಪತ್ರವನ್ನು ಕೇಳಿ ಪಡೆಯಬೇಕು. ಬಾಯಿಮಾತಿನ ಅನುಭವ ಪರಊರಿನಲ್ಲಿ ನಡೆಯದು. ಒಂದೇ ದಿನದಲ್ಲಿ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ವ್ಯಾಪಾರ ಮಾಡುವ ಭಾಲ್ಕಿಯ ಹುಡುಗಿಗೆ ಅದೊಂದು ವಿದ್ಯೆಯೆಂದು ಯಾರೂ ಹೇಳಿರುವುದಿಲ್ಲ. ಆ ಪತ್ರದಲ್ಲಿ ಅದನ್ನೂ ಬರೆಸಿಕೊಳ್ಳಲಿ.