ಗೆದ್ದವನ ಎದೆಯ ಮುಳ್ಳು

ಪುಣೆ, ಮುಂಬೈ ಆಫೀಸುಗಳಲ್ಲಿ ಇರೋರಿಗೆ ಇದು ಗೊತ್ತಿರುತ್ತೆ. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಒಂದು ದಿನ ಜೈನ ಸಹೋದ್ಯೋಗಿಗಳಿಂದ 'ಮಿಚ್ಛಾಮಿ ದುಕ್ಕಡಂ' ಅಂತ ವಾಟ್ಸಾಪ್ ತುಂಬಾ ಮೆಸೇಜು. ನಾವೂ ಒಂದು ಕೈಮುಗಿಯೋ ಎಮೋಜಿ ಹಾಕಿ ಸುಮ್ಮನಾಗ್ತೀವಿ. ಅದು ಪ್ರಾಕೃತದ ಮಾತು. ನಾನು ಮಾಡಿದ ಕೆಡುಕು ಫಲ ಕೊಡದೇ ಹೋಗಲಿ ಅಂತ ಅರ್ಥ. ಶ್ವೇತಾಂಬರರು ಪರ್ಯೂಷಣದ ಕೊನೆಯ ದಿನ, ಸಂವತ್ಸರಿಯಂದು ಹೇಳೋದು. ದಿಗಂಬರರಿಗೆ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ.

ಇದರಲ್ಲಿ ನನಗೆ ಹಿಡಿಸಿದ್ದು ಒಂದೇ. ತಪ್ಪು ಯಾರದ್ದು ಅಂತ ಮೊದಲು ತೀರ್ಮಾನ ಆಗಬೇಕಿಲ್ಲ. ಇಬ್ಬರೂ ಕೇಳ್ತಾರೆ, ಅಷ್ಟೇ.

ಈಗ ನಮ್ಮ ಶ್ರವಣಬೆಳಗೊಳಕ್ಕೆ ಬನ್ನಿ. ಗೊಮ್ಮಟನ ಕಾಲಿಗೆ ಬಳ್ಳಿ ಹಬ್ಬಿರೋದು, ಪಕ್ಕದಲ್ಲಿ ಹುತ್ತ ಇರೋದು ನೋಡಿದ್ದೀರಲ್ಲ? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಅಣ್ಣ ಭರತನನ್ನು ಗೆದ್ದವನು ಬಾಹುಬಲಿ. ಗೆದ್ದ ರಾಜ್ಯವನ್ನೂ ಬಿಟ್ಟು ಒಂದು ವರ್ಷ ನಿಂತಲ್ಲೇ ತಪಸ್ಸು ಮಾಡಿದ. ಆದರೂ ಕೇವಲಜ್ಞಾನ ಬರಲಿಲ್ಲ. ಜನ ಹೇಳೋ ಕಥೆಯಲ್ಲಿ ಕಾರಣ ಇಷ್ಟೇ: ನಿಂತಿರೋ ನೆಲ ಭರತನದ್ದು ಅನ್ನೋ ಮುಳ್ಳು ಒಳಗೇ ಉಳಿದಿತ್ತು. ಭರತ ಬಂದು ನಮಸ್ಕರಿಸಿದ ಮೇಲೇ ಅದು ಹೋಯ್ತು.

ಎಲ್ಲ ಬಿಟ್ಟು ಹೋದವನಿಗೇ ಈ ಗತಿ! ನಾವೋ ಊರು ಬಿಟ್ಟು ಹಿಂಜೆವಾಡಿಗೆ, ಗಚ್ಚಿಬೌಲಿಗೆ ಬಂದ ತಕ್ಷಣ ಜಗಳವೂ ಅಲ್ಲೇ ಉಳೀತು ಅಂದ್ಕೋತೀವಿ. ದೂರ ಇದ್ರೆ ಇನ್ನೂ ಕಷ್ಟ. ಊರಲ್ಲಿದ್ರೆ ಮದುವೆ, ತಿಥಿ ಅಂತ ಎದುರಾಗ್ಲೇಬೇಕು. ಇಲ್ಲಿ 'ರಜೆ ಸಿಗಲಿಲ್ಲ' ಅಂದ್ರೆ ಮುಗೀತು.

ನನಗೂ ನಮ್ಮಣ್ಣನಿಗೂ ಮನೆ ಪಾಲಿನ ವಿಷಯಕ್ಕೆ ಐದು ವರ್ಷ ಮಾತಿರಲಿಲ್ಲ. ಭರತ ಬರಲಿ ಅಂತ ಕಾಯೋದು ಸಾಕು ಅನ್ನಿಸಿ ಫೋನ್ ಮಾಡಿದೆ. ಪಾಲಿನ ಮಾತು ಎತ್ತಲಿಲ್ಲ. "ಮಳೆ ಹೇಗಿದೆ?" ಅಂದೆ. "ಪರವಾಗಿಲ್ಲ" ಅಂದ. ಎರಡು ನಿಮಿಷ, ಅಷ್ಟೇ. ಮೂರನೇ ಸಲ "ಬಂದು ಹೋಗೋ, ಅಮ್ಮ ಕೇಳ್ತಿರ್ತಾಳೆ" ಅಂತ ಅವನೇ ಹೇಳಿದ.

ಒಂದು ಮಾತು ಸ್ಪಷ್ಟ ಇರಲಿ. ಸಿಟ್ಟು ಬಿಡೋದು ಅಂದ್ರೆ ಹಕ್ಕು ಬಿಡೋದಲ್ಲ. ಪಾಲಿನ ಕಾಗದ ವಕೀಲರ ಹತ್ತಿರ ಅದರ ಪಾಡಿಗೆ ಇರಲಿ. ಮೋಸ ಮಾಡ್ತಾನೇ ಇರೋರ ಮನೆಗೆ ಹೋಗಿ ಕೂರಬೇಕಂತಲೂ ಅಲ್ಲ. ಅಲ್ಲಿ ಮುಳ್ಳನ್ನ ಮಾತ್ರ ಕಿತ್ತರೆ ಸಾಕು, ನಂಟು ಬೇಡ.

ಫಾರ್ವರ್ಡ್ ಮಾತ್ರ ಮಾಡ್ಬೇಡಿ. ಇನ್ನೂರು ಜನಕ್ಕೆ ಕಳಿಸೋ ಲಿಸ್ಟಲ್ಲಿ ಯಾರ ಹೆಸರು ಬೇಕಂತಲೇ ಬಿಡ್ತೀರೋ, ಅವರಿಗೆ ಫೋನ್ ಮಾಡಿ.