ವಿಜಯಪುರ ಸೀಮೆಯ ಓಲೆ, ಕಲ್ಲು, ಕಡತಗಳು

ಸಂಶೋಧನ ಸಂಸ್ಥೆಯೆಂದೊಡನೆ ನಮ್ಮ ಕಣ್ಣ ಮುಂದೆ ತಾಡೋಲೆಯ ಕಟ್ಟುಗಳು ನಿಲ್ಲುವುದು ಸಹಜ. ವಚನ ವಾಙ್ಮಯವು ನಮ್ಮ ಕಾಲಕ್ಕೆ ಉಳಿದು ಬಂದುದೇ ಆ ಕಟ್ಟುಗಳಿಂದ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೂರ್ವವೃತ್ತಾಂತವನ್ನು ಅರಿಯಬಯಸುವ ವಿದ್ಯಾರ್ಥಿಯು ಓಲೆಗಳನ್ನಷ್ಟೇ ನೋಡಿ ಹಿಂದಿರುಗಿದರೆ ಅವನು ಕಂಡುದು ಅರ್ಧಕ್ಕಿಂತಲೂ ಕಡಿಮೆ. ಶಾಸನದ ಪಡಿಯಚ್ಚು, ಲೆಕ್ಕದ ಕಡತ, ಮೋಡಿ ಲಿಪಿಯ ಕಾಗದ, ಫಾರಸಿ ಸನದು, ಹಳೆಯ ಪತ್ರಿಕೆಯ ಸಂಪುಟ, ಹಾಡಿನ ಧ್ವನಿಮುದ್ರಣ ಇವೆಲ್ಲವೂ ಆಕರಗಳೇ.

ಮೊದಲಿಗೆ ಓಲೆಯನ್ನೇ ಎತ್ತಿಕೊಳ್ಳೋಣ. ವಕೀಲಿ ವೃತ್ತಿಯಲ್ಲಿದ್ದ ಡಾ. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಮಠ ಮನೆಗಳಲ್ಲಿದ್ದ ಕಟ್ಟುಗಳನ್ನು ಅರಸಿ ತಂದು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ವಿಜಯಪುರದಲ್ಲಿ ಇಂದು ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಓಲೆಯನ್ನು ಕೈಗೆತ್ತಿಕೊಂಡವರು ಮೊದಲು ಕೊನೆಯ ಗರಿಯನ್ನು ನೋಡಬೇಕೆಂದು ನನ್ನ ಮತ. ಬರೆದವನ ಹೆಸರು, ಅವನ ಊರು, ಸಂವತ್ಸರ, ಯಾರಿಗಾಗಿ ಬರೆದನೆಂಬ ಮಾತು ಇದ್ದರೆ ಅಲ್ಲಿಯೇ. ಒಂದೇ ವಚನವು ಎರಡು ಪ್ರತಿಗಳಲ್ಲಿ ಬೇರೆ ಬೇರೆ ಪಾಠವಾಗಿ ದೊರೆತಾಗ ಯಾವುದು ಪ್ರಾಚೀನವೆಂಬ ನಿರ್ಣಯಕ್ಕೆ ಆ ನಾಲ್ಕು ಸಾಲುಗಳೇ ದಾರಿ ತೋರುವವು. ಮೂಲದ ಓಲೆ ಹುಳು ತಿಂದು ಹೋಗಿದ್ದರೆ, ಅದರಿಂದ ಅಚ್ಚಾದ ಹಳೆಯ ಪುಸ್ತಕವೇ ಸಾಕ್ಷಿಯ ಸ್ಥಾನಕ್ಕೆ ಏರುತ್ತದೆ; ಹಾಗಾಗಿ ಆರಂಭಕಾಲದ ಮುದ್ರಣಗಳನ್ನು ರದ್ದಿಯೆಂದು ಬಗೆಯಲಾಗದು.

ಕಲ್ಲಿನ ಮಾತು ಇನ್ನೂ ವಿಸ್ತಾರವಾದುದು. ಇಂಡಿ ತಾಲೂಕಿನ ಸಾಲೋಟಗಿಯ ಸ್ತಂಭಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. ೯೪೫ರದು. ಆಗ ಪಾವಿಟ್ಟಗೆಯೆನಿಸಿದ್ದ ಆ ಊರಿನ ವಿದ್ಯಾಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ ಅವರಿಗಾಗಿ ೨೭ ಮನೆಗಳನ್ನು ಬಿಡಲಾಯಿತೆಂದೂ ಅದರಿಂದ ತಿಳಿಯುತ್ತದೆ. ಯಾವ ಕಾವ್ಯವೂ ಹೇಳದ ಸಂಗತಿಯಿದು.

ಬಸವಣ್ಣನವರ ವಿಷಯದಲ್ಲಿ ಕಲ್ಲು ಮಾಡಿದ ಉಪಕಾರ ಇನ್ನೂ ದೊಡ್ಡದು. ಅವರು ಕೇವಲ ಪುರಾಣಪುರುಷರೇ ಎಂಬ ಸಂಶಯಕ್ಕೆ ಉತ್ತರವು ಬಾಗೇವಾಡಿಯಲ್ಲಿ ದೊರೆಯಲಿಲ್ಲ; ದೂರದ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆಯಿತು. ಸೇವುಣ ಕನ್ನರನ ಕಾಲದ, ೧೨೬೦ರ ಆ ಶಾಸನವು ಶರಣರ ಕಾಲದಿಂದ ಸುಮಾರು ಒಂದು ಶತಮಾನದಷ್ಟೇ ಈಚಿನದು. ಅದರಲ್ಲಿ ತರ್ದವಾಡಿ ನಾಡಿನ ನಡುವಣ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನೆಂಬ ಉಲ್ಲೇಖವಿದೆ. ಆ ತರ್ದವಾಡಿಯಾದರೋ ಇಂಡಿ ಸೀಮೆಯ ಊರು. ಒಂದು ಊರಿನ ಪ್ರಮಾಣವು ಮತ್ತೊಂದು ಊರಿನ ಕಲ್ಲಿನಲ್ಲಿ ಅಡಗಿರುವಾಗ ಎಲ್ಲವನ್ನೂ ಒಬ್ಬನೇ ತಿರುಗಿ ನೋಡುವುದೆಂತು? ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ೧೧, ೧೫, ೧೮, ೨೦ನೆಯ ಸಂಪುಟಗಳು ಮುಂಬಯಿ ಕರ್ನಾಟಕದ ಶಾಸನಗಳಿಗೇ ಮೀಸಲಾಗಿವೆ. ಧಾರವಾಡದಲ್ಲಿ ೧೯೩೯ರಲ್ಲಿ ಸ್ಥಾಪಿತವಾಗಿ ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆಯೂ ಇದೇ ಕಾರ್ಯದಲ್ಲಿ ತೊಡಗಿತು.

ಕಡತಗಳನ್ನು ನಮ್ಮ ಸಾಹಿತ್ಯ ವಿದ್ಯಾರ್ಥಿಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ದಾಸೋಹಕ್ಕೆ ಬಂದ ಜೋಳವೆಷ್ಟು, ಜಾತ್ರೆಗೆ ಕೊಟ್ಟವರಾರು ಎಂಬ ಲೆಕ್ಕದಲ್ಲಿ ಊರಿನ ಜೀವನವೇ ಇರುತ್ತದೆ. ಸರಕಾರಿ ಕಾಗದಗಳನ್ನು ಹುಡುಕುವವರಿಗೆ ಬೇರೊಂದು ತೊಡಕು. ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ಹಳೆಯ ದಫ್ತರಗಳು ಮುಂಬಯಿ, ಪುಣೆಗಳಲ್ಲಿಯೂ ಇವೆ. ೧೮೮೫ರವರೆಗೆ ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಾದುದರಿಂದ ಅವನ್ನು ಆ ಹೆಸರಿನಲ್ಲಿ ಅರಸಬೇಕು. ತಾಳಿಕೋಟಿ, ಚಡಚಣ, ದೇವರ ಹಿಪ್ಪರಗಿ, ನಿಡಗುಂದಿಗಳು ಈಚೆಗೆ ಪ್ರತ್ಯೇಕ ತಾಲೂಕುಗಳಾದುದು ಹಳೆಯ ಸೂಚಿಗಳಿಗೆ ತಿಳಿಯದು.

ಬರಹಕ್ಕೆ ಸಿಲುಕದ ಆಕರವೂ ಒಂದುಂಟು. ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಮಾತು ಉಳಿಯಿತು, ದಾಟಿ ಕಾಗದದಲ್ಲಿ ನಿಲ್ಲಲಿಲ್ಲ. ಅದಕ್ಕೇ ಇಂದಿನ ಸಂಗ್ರಹಗಳಲ್ಲಿ ಧ್ವನಿಮುದ್ರಣಕ್ಕೆ ಅಷ್ಟು ಬೆಲೆ.

ಆಲಮಟ್ಟಿಯಲ್ಲಿ ೧೯೬೪ರಲ್ಲಿ ಅಣೆಕಟ್ಟಿನ ಅಡಿಗಲ್ಲು ಬಿದ್ದ ಮೇಲೆ ಕೃಷ್ಣೆಯ ದಡದ ಎಷ್ಟೋ ಊರುಗಳು ಎದ್ದು ಬೇರೆಡೆ ನೆಲೆಸಿದವು. ಮನೆ ಬದಲಿಸುವಾಗ ಮೊದಲು ಹೊರಬೀಳುವುದು ಅಟ್ಟದ ಮೇಲಿನ ಗಂಟು. ಓದಲು ಬಾರದ ಓಲೆಯನ್ನು ಹೊಳೆಗೆ ಬಿಡುವುದು ಪುಣ್ಯವೆಂಬ ಭಾವನೆಯೂ ನಮ್ಮಲ್ಲಿ ಇತ್ತು. ಜಗುಲಿಯ ಮೇಲೆ ಪೂಜೆಗೊಳ್ಳುವ ಕಟ್ಟನ್ನು ಕೊಡಲು ಮನಸ್ಸಾಗದ ಭಕ್ತರು ಅದನ್ನು ಕೊಡಲೇಬೇಕೆಂದಿಲ್ಲ. ಛಾಯಾಪ್ರತಿ ತೆಗೆಯಿಸಿ ಮರಳಿ ಜಗುಲಿಯಲ್ಲಿಡಬಹುದು. ಕೊಡುವುದಾದರೆ ಗರಿಗಳ ಕ್ರಮವನ್ನು ಕೆಡಿಸದೆ, ಹೊದಿಕೆಯ ಹಲಗೆ ದಾರಗಳ ಸಮೇತ ಕೊಟ್ಟು, ಯಾವ ಊರು, ಯಾವ ಮನೆತನ, ಎಷ್ಟು ತಲೆಯಿಂದ ಅಲ್ಲಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು.