ಅಮ್ಮಾ, ಇದೆಲ್ಲ ನಿಜಾನಾ?

ಭಾನುವಾರ ಮಧ್ಯಾಹ್ನದ ಊಟ ಮುಗಿದಿರುತ್ತದೆ. ಟೀವಿಯಲ್ಲಿ ಭೂಮಿ ಬಾಯಿಬಿಟ್ಟು ಊರಿಗೆ ಊರೇ ನುಂಗುತ್ತಿರುತ್ತದೆ, ಇಲ್ಲವೇ ರೋಬೋಟ್ ಒಂದು ಕಾರುಗಳನ್ನು ಆಟಿಕೆಯಂತೆ ಎಸೆಯುತ್ತಿರುತ್ತದೆ. ಆ ಸಿನಿಮಾ ಮುಗಿಯಿತೋ ಇಲ್ಲವೋ, ಮನೆಯಲ್ಲಿ ಇನ್ನೊಂದು ಸಿನಿಮಾ ಶುರು! “ಹೀಗೆಲ್ಲ ಆಗೋಕೆ ಸಾಧ್ಯಾನೇ ಇಲ್ಲ” ಅಂತ ಮಗಳು. “ಆಗುತ್ತೆ, ವಿಜ್ಞಾನಿಗಳೇ ಹೇಳಿದ್ದಾರೆ” ಅಂತ ಮಗ. “ಎಲ್ಲ ಬರೀ ಬುರುಡೆ” ಅಂತ ಅವರಪ್ಪ. ಕೊನೆಗೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ ಪ್ರಶ್ನೆ: “ಅಮ್ಮಾ, ಇದೆಲ್ಲ ನಿಜಾನಾ?”

ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ. “ಸಿನಿಮಾ ಕಣೋ ಅದು, ಹೋಗಿ ಹೋಂವರ್ಕ್ ಮಾಡು.” ಇನ್ನು ಕೆಲವು ಮನೆಗಳಲ್ಲಿ “ಅಮ್ಮಂಗೆ ಇದೆಲ್ಲ ಗೊತ್ತಾಗಲ್ಲ ಬಿಡು” ಎಂದು ಮಕ್ಕಳೇ ತೀರ್ಪು ಕೊಟ್ಟು ಹೋಗಿಬಿಡುತ್ತಾರೆ. ಎರಡೂ ನಷ್ಟವೇ. ನಿಜ ಯಾವುದು, ಸುಳ್ಳು ಯಾವುದು ಎಂದು ಒರೆಗೆ ಹಚ್ಚಿ ನೋಡುವ ಅಭ್ಯಾಸ ಮಕ್ಕಳಿಗೆ ಜೀವನಪೂರ್ತಿ ಬೇಕು. ಇಂದು ಸಿನಿಮಾ, ನಾಳೆ ವಾಟ್ಸಾಪ್‌ನಲ್ಲಿ ಬರುವ ಔಷಧಿಯ ಸಲಹೆ, ನಾಡಿದ್ದು ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವ ಕರೆ. ಆ ಅಭ್ಯಾಸ ಕಲಿಸಲು ಸಿನಿಮಾಗಿಂತ ಒಳ್ಳೆಯ ನೆಪ ಇಲ್ಲ. ಅದಕ್ಕೆ ವಿಜ್ಞಾನ ಓದಿರಲೇಬೇಕು ಅಂತೇನಿಲ್ಲ. ನಾನು ಓದಿದ್ದೂ ಬಿ.ಎ.ನೇ!

ಹೆದರಿಸಿದ ಸಿನಿಮಾ

2009ರಲ್ಲಿ ಬಂದ ‘2012’ ಎಂಬ ಹಾಲಿವುಡ್ ಚಿತ್ರ ನೆನಪಿದೆಯೇ? ಈಗಲೂ ರಜಾದಿನಗಳಲ್ಲಿ ಮಕ್ಕಳು ಹುಡುಕಿ ನೋಡುವ ಚಿತ್ರ ಅದು. ಕಥೆ ಶುರುವಾಗುವುದು ನಮ್ಮ ಭಾರತದಲ್ಲೇ, ಆಳವಾದ ಒಂದು ತಾಮ್ರದ ಗಣಿಯಲ್ಲಿ. ಅಲ್ಲೊಂದು ಪ್ರಯೋಗಶಾಲೆ, ಅಲ್ಲೊಬ್ಬ ಭಾರತೀಯ ವಿಜ್ಞಾನಿ. ಸೂರ್ಯನಿಂದ ಬರುವ ‘ನ್ಯೂಟ್ರಿನೊ’ ಎಂಬ ಕಣಗಳು ಇದ್ದಕ್ಕಿದ್ದಂತೆ ಗುಣ ಬದಲಿಸಿ, ಮೈಕ್ರೋವೇವ್‌ನಂತೆ ಭೂಮಿಯ ಒಡಲನ್ನು ಕಾಯಿಸುತ್ತಿವೆ ಎಂದು ಆತ ಕಂಡುಹಿಡಿಯುತ್ತಾನೆ. ಅಲ್ಲಿಂದ ಮುಂದೆ ಪ್ರಳಯ!

ಚಿತ್ರ ಬಂದಾಗ ಜನ ಎಷ್ಟು ಗಾಬರಿಯಾದರೆಂದರೆ, ಅಮೆರಿಕದ ನಾಸಾ ಸಂಸ್ಥೆಯೇ ‘2012ರಲ್ಲಿ ಪ್ರಪಂಚ ಮುಳುಗುವುದಿಲ್ಲ’ ಎಂದು ಪ್ರಶ್ನೋತ್ತರ ಪ್ರಕಟಿಸಬೇಕಾಯಿತು. ಹೆದರಿದ ಮಕ್ಕಳಿಂದಲೂ ತಮಗೆ ಪತ್ರಗಳು ಬರುತ್ತಿವೆ ಎಂದು ಅಲ್ಲಿನ ವಿಜ್ಞಾನಿ ಡೇವಿಡ್ ಮಾರಿಸನ್ ಹೇಳಿದ್ದರು. ನಮ್ಮ ದೇಶದಲ್ಲೂ ಇಂಥ ಭಯ ಹೊಸದಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಯುರೋಪಿನಲ್ಲಿ ದೊಡ್ಡದೊಂದು ಕಣ ಪ್ರಯೋಗ ಶುರುವಾದಾಗ, ಪ್ರಪಂಚವೇ ಕೊನೆಯಾಗುತ್ತದೆ ಎಂದು ಟೀವಿಯಲ್ಲಿ ಬಂದದ್ದನ್ನು ಕಂಡು ನಡುಗಿದ ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳೆಂದು ಪತ್ರಿಕೆಗಳು ವರದಿ ಮಾಡಿದ್ದವು. ಹಾಗಾಗಿ ಮಗುವಿನ ಪ್ರಶ್ನೆಯನ್ನು ನಕ್ಕು ತಳ್ಳಿಬಿಡಬೇಡಿ. ಪ್ರಶ್ನೆಯ ಹಿಂದೆ ಕುತೂಹಲ ಇರಬಹುದು, ಭಯವೂ ಇರಬಹುದು.

ಹಾಗಾದರೆ ಉತ್ತರ ಏನು? ನ್ಯೂಟ್ರಿನೊ ನಿಜ. ಅವು ಸೂರ್ಯನಿಂದ ಬರುವುದೂ ನಿಜ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಹಾದುಹೋಗುತ್ತವೆ. ರಾತ್ರಿ ಮಲಗಿದ್ದಾಗಲೂ, ಕೆಳಗಿನಿಂದ ಇಡೀ ಭೂಮಿಯನ್ನೇ ತೂರಿಕೊಂಡು ಬರುತ್ತವೆ. ನಮಗೆ ಏನಾದರೂ ಗೊತ್ತಾಯಿತೇ? ಇಲ್ಲ. ಯಾಕೆಂದರೆ ಅವು ಯಾವುದನ್ನೂ ಮುಟ್ಟುವುದೇ ಅಪರೂಪ.

ಇನ್ನು ಕಾಯಿಸುವ ಮಾತು. ಮೈಕ್ರೋವೇವ್ ಒಲೆಯಲ್ಲಿ ಸಾರು ಬಿಸಿಯಾಗುವುದು ಯಾಕೆ? ಸಾರಿನಲ್ಲಿರುವ ನೀರು ಆ ಅಲೆಗಳನ್ನು ಹೀರಿಕೊಳ್ಳುತ್ತದೆ, ಅದಕ್ಕೆ. ಖಾಲಿ ಗಾಜಿನ ಬಟ್ಟಲು ಅಷ್ಟಾಗಿ ಹೀರಿಕೊಳ್ಳುವುದಿಲ್ಲ, ಅಷ್ಟಾಗಿ ಕಾಯುವುದೂ ಇಲ್ಲ. ಹೀರಿಕೊಂಡರೆ ತಾನೇ ಬಿಸಿ? ಯಾರನ್ನೂ ಮುಟ್ಟದೆ ಹಾದುಹೋಗುವ ಅತಿಥಿ ಭೂಮಿಯನ್ನು ಹೇಗೆ ಕುದಿಸಿಯಾನು? ನೋಡಿ, ಅಡುಗೆಮನೆಯಲ್ಲೇ ನಿಂತು ಹಾಲಿವುಡ್‌ಗೆ ಉತ್ತರ ಕೊಟ್ಟ ಹಾಗಾಯಿತು!

ಆ ಗಣಿ ನಮ್ಮೂರ ಪಕ್ಕದಲ್ಲೇ ಇತ್ತು

ಈಗ ಮಕ್ಕಳಿಗೆ ಹೇಳಲೇಬೇಕಾದ ಸಂಗತಿ. ಭಾರತದ ಗಣಿಯ ಆಳದಲ್ಲಿ ನ್ಯೂಟ್ರಿನೊ ಪ್ರಯೋಗಶಾಲೆ ಎಂಬುದು ಸಿನಿಮಾದವರ ಕಟ್ಟುಕಥೆ ಅಂದುಕೊಂಡಿರಾ? ಅದು ನಿಜವಾಗಿಯೂ ಇತ್ತು. ತಾಮ್ರದ ಗಣಿಯಲ್ಲಲ್ಲ, ಚಿನ್ನದ ಗಣಿಯಲ್ಲಿ. ನಮ್ಮ ಕಾಮಸಮುದ್ರದವರು ಸಂತೆಗೆ, ಆಸ್ಪತ್ರೆಗೆ, ಬಟ್ಟೆಬರೆಗೆ ಹೋಗಿ ಬರುವ ಕೆಜಿಎಫ್‌ನಲ್ಲಿ!

ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಹೋಮಿ ಭಾಭಾ ಅವರು 1950ರ ದಶಕದ ಆರಂಭದಲ್ಲಿ ಒಬ್ಬ ಯುವ ವಿಜ್ಞಾನಿಯನ್ನು ಕೋಲಾರದ ಗಣಿಗೆ ಕಳಿಸಿದರು. ಅವರೇ ಬಿ.ವಿ. ಶ್ರೀಕಂಠನ್. ನಂಜನಗೂಡಿನಲ್ಲಿ ಹುಟ್ಟಿದವರು, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದವರು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳು ನೆಲದಾಳಕ್ಕೆ ಎಷ್ಟು ದೂರ ಇಳಿಯುತ್ತವೆ ಎಂದು ಅಳೆಯುವುದು ಅವರ ಕೆಲಸ. ಆಳಕ್ಕೆ ಹೋದಂತೆ ಕಣಗಳು ಕಡಿಮೆಯಾಗುತ್ತಾ ಬಂದವು. ಹಿಟ್ಟು ಜರಡಿ ಹಿಡಿದಾಗ ತರಿ ಮೇಲೆ ಉಳಿದು ನುಣ್ಣನೆಯದು ಮಾತ್ರ ಕೆಳಗೆ ಬೀಳುತ್ತದಲ್ಲ, ಹಾಗೆ. ಇಲ್ಲಿ ಎರಡು ಕಿಲೋಮೀಟರಿಗೂ ದಪ್ಪನೆಯ ಬಂಡೆಯೇ ಜರಡಿ. ಮಿಕ್ಕ ಕಣಗಳಲ್ಲಿ ಬಹುತೇಕ ಮೇಲೆಯೇ ನಿಂತುಹೋಗುತ್ತವೆ. ಬಂಡೆಯನ್ನು ಸಲೀಸಾಗಿ ತೂರಿ ಬರುವುದು ನ್ಯೂಟ್ರಿನೊ ಮಾತ್ರ.

ಅದನ್ನೇ ನೆಚ್ಚಿಕೊಂಡು ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಹೂಡಿದರು. ಮುಂಬೈ ಸಂಸ್ಥೆಯ ಜೊತೆ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದವರೂ ಸೇರಿದ್ದರು. ಮೇಲಿನಿಂದ ಬರುವ ಕಣ ಬೇರೆ ಏನಾದರೂ ಇರಬಹುದು ಎಂಬ ಅನುಮಾನ ಇರುತ್ತದೆ. ಅದಕ್ಕೇ ಅಡ್ಡಡ್ಡವಾಗಿ ಬರುವ ಕಣಕ್ಕಾಗಿ ಗೋಡೆಯಂತೆ ಉಪಕರಣ ನಿಲ್ಲಿಸಿ ಕಾದರು. ನ್ಯೂಟ್ರಿನೊ ಬಂಡೆಗೆ ಬಡಿದಾಗ ಹೊಮ್ಮುವ ಕಣ ಅದು. ಕೋಟಿ ಕೋಟಿ ಹಾದುಹೋದರೂ ಸಿಗುತ್ತಿದ್ದುದು ಯಾವಾಗಲೋ ಒಂದು. 1965ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪ್ರಪಂಚದಲ್ಲಿ ಮೊದಲು ಪತ್ತೆ ಮಾಡಿದವರಲ್ಲಿ ಅವರ ಹೆಸರು ಸೇರಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡ ಇದೇ ಕೆಲಸ ಸಾಧಿಸಿತು.

2018ರಲ್ಲಿ ‘ಕೆ.ಜಿ.ಎಫ್’ ಸಿನಿಮಾದ ಮೊದಲ ಭಾಗ, 2022ರಲ್ಲಿ ಎರಡನೆಯದು ಬಂದ ಮೇಲೆ ಈ ಕಡೆ ಬರುವ ನೆಂಟರ ಮಕ್ಕಳೆಲ್ಲ ಕೇಳುವುದು ಒಂದೇ, “ಆಂಟಿ, ರಾಕಿ ಇದ್ದ ಗಣಿ ಎಲ್ಲಿದೆ?” ನರಾಚಿ ಎಂಬ ಆ ಗಣಿ ಕಲ್ಪನೆ. ಸಿನಿಮಾ ಚೆನ್ನಾಗಿದೆ, ನೋಡಲಿ, ಶಿಳ್ಳೆಯೂ ಹೊಡೆಯಲಿ. ಆದರೆ ನಿಜವಾದ ಗಣಿಯಲ್ಲಿ ಸಾವಿರಾರು ಕಾರ್ಮಿಕರು ತಲೆಮಾರುಗಳ ಕಾಲ ಬೆವರು ಸುರಿಸಿದರು, ಅವರು ಕೊರೆದ ಸುರಂಗದಲ್ಲೇ ವಿಜ್ಞಾನವೂ ನಡೆಯಿತು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇದನ್ನೂ ಮಕ್ಕಳಿಗೆ ಹೇಳುವವರು ಬೇಕಲ್ಲವೇ? ರಾಕಿ ಗೊತ್ತು, ಶ್ರೀಕಂಠನ್ ಗೊತ್ತಿಲ್ಲ ಎಂದರೆ ತಪ್ಪು ಮಕ್ಕಳದಲ್ಲ.

ಅರ್ಧ ನಿಜದ ಸಿನಿಮಾ

ಪೂರ್ತಿ ಸುಳ್ಳಿಗಿಂತ ಅರ್ಧ ನಿಜ ಕಷ್ಟ. 2018ರ ನವೆಂಬರ್‌ನಲ್ಲಿ ರಜನಿಕಾಂತ್, ಅಕ್ಷಯ್ ಕುಮಾರ್ ಅವರ ‘2.0’ ಬಂತು. ಮೊಬೈಲ್ ಟವರ್‌ಗಳ ವಿಕಿರಣದಿಂದ ಹಕ್ಕಿಗಳು ಸಾಯುತ್ತವೆ ಎಂಬುದೇ ಅದರ ಕಥೆಯ ಬೇರು. ಮೊಬೈಲ್ ಕಂಪನಿಗಳ ಸಂಘದವರು ಸೆನ್ಸಾರ್ ಮಂಡಳಿಗೇ ದೂರು ಕೊಟ್ಟರು. ಮನೆಮನೆಯಲ್ಲೂ ವಾದ. “ನಮ್ಮ ಅಜ್ಜಿ ಮನೆಯಲ್ಲಿ ಎಷ್ಟೊಂದು ಗುಬ್ಬಿ ಇದ್ದವು, ಈಗ ಎಲ್ಲಿ?” ಎಂದು ನಾವೂ ಕೇಳಿದವರೇ.

ದೊಡ್ಡ ನಗರಗಳಲ್ಲಿ ಗುಬ್ಬಿ ಕಡಿಮೆಯಾಗಿರುವುದು ನಿಜ. ಆದರೆ 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಹೇಳಿದ್ದು ಬೇರೆಯೇ. ದೇಶವನ್ನು ಒಟ್ಟಾಗಿ ನೋಡಿದರೆ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಇದೆ. ನಗರದಲ್ಲಿ ಕಡಿಮೆಯಾಗಲು ಟವರ್ ಕಾರಣ ಎನ್ನುವುದಕ್ಕೆ ಸಾಕ್ಷ್ಯ ಸಿಕ್ಕಿಲ್ಲ. ಮರಿಗಳಿಗೆ ಉಣಿಸುವ ಹುಳು ಸಿಗದಿರುವುದು, ಕಾಂಕ್ರೀಟ್ ಮನೆಗಳಲ್ಲಿ ಗೂಡಿಗೆ ಸಂದಿ ಇಲ್ಲದಿರುವುದು ಕಾರಣ ಇರಬಹುದು. ಹೆಂಚಿನ ಮನೆಯ ಜಂತೆ, ಅಂಗಳದಲ್ಲಿ ಕೇರಿದ ಅಕ್ಕಿಯ ನುಚ್ಚು ನೆನಪಿಸಿಕೊಳ್ಳಿ, ಅರ್ಥವಾಗುತ್ತದೆ. ಸಿನಿಮಾ ಹಕ್ಕಿಗಳ ಬಗ್ಗೆ ಕನಿಕರ ಹುಟ್ಟಿಸಿತು, ಅದು ಒಳ್ಳೆಯದೇ. ಆದರೆ ಕನಿಕರ ನಿಜವಾದ ಮಾತ್ರಕ್ಕೆ ಕಾರಣವೂ ನಿಜವಾಗಬೇಕಿಲ್ಲ. ಟವರನ್ನು ಬೈಯುವುದಕ್ಕಿಂತ ಬಾಲ್ಕನಿಯಲ್ಲಿ ಒಂದು ಬಟ್ಟಲು ನೀರಿಟ್ಟು, ಗೂಡಿಗೊಂದು ಪೆಟ್ಟಿಗೆ ಕಟ್ಟುವುದು ಮೇಲು.

ಪಾಠ ಓದಿಕೊಂಡು ಬಂದ ಸಿನಿಮಾ

ಎಲ್ಲ ಸಿನಿಮಾಗಳೂ ಬುರುಡೆ ಬಿಡುವುದಿಲ್ಲ. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರಕ್ಕೆ ಸಲಹೆಗಾರರಾಗಿದ್ದವರು ಕಿಪ್ ಥಾರ್ನ್ ಎಂಬ ಭೌತವಿಜ್ಞಾನಿ. 2017ರಲ್ಲಿ ಅವರಿಗೆ ನೊಬೆಲ್ ಬಂತು. ಚಿತ್ರದ ಕಪ್ಪುಕುಳಿಯನ್ನು ಅವರ ಸಮೀಕರಣಗಳನ್ನೇ ಕಂಪ್ಯೂಟರಿಗೆ ಕೊಟ್ಟು ಬಿಡಿಸಿದ್ದರು. 2019ರ ಏಪ್ರಿಲ್‌ನಲ್ಲಿ ನಿಜವಾದ ಕಪ್ಪುಕುಳಿಯ ಮೊದಲ ಚಿತ್ರ ಬಂದಾಗ ಅದರಲ್ಲೂ ಕತ್ತಲ ಸುತ್ತ ಬೆಳಕಿನ ಬಳೆ ಕಂಡಿತು. ಗುರುತ್ವ ಹೆಚ್ಚಿದ್ದಲ್ಲಿ ಕಾಲ ನಿಧಾನವಾಗುತ್ತದೆ ಎಂಬುದೂ ಬರೀ ಕಲ್ಪನೆಯಲ್ಲ. ನಾವು ಆಟೋ ಕರೆಯಲು ಮೊಬೈಲ್‌ನಲ್ಲಿ ಬಳಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಕ್ಕೆ ಈ ವ್ಯತ್ಯಾಸವನ್ನು ಸರಿಪಡಿಸದಿದ್ದರೆ ಆಟೋ ಬೇರೆ ಬೀದಿಯಲ್ಲೇ ನಿಂತಿರುತ್ತದೆ! ಕಪ್ಪುಕುಳಿಯೊಳಗೆ ಹೋದ ನಾಯಕ ಮಗಳ ಪುಸ್ತಕದ ಕಪಾಟಿನ ಹಿಂದೆ ಬಂದು ನಿಲ್ಲುವುದು ಮಾತ್ರ ಕಥೆಗಾರರ ಕಲ್ಪನೆ.

ಇಲ್ಲೂ ನಮ್ಮವರೊಬ್ಬರಿದ್ದಾರೆ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು, ಅಲುಗಿಸಿದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಉಪಕರಣಗಳಿಗೆ ಅಂಥ ಮಿಡಿತ ಸಿಕ್ಕಿತು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಮುಂದಿನ ರಜೆಯಲ್ಲಿ ಮಾಲ್ ಬದಲು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನೋಡಿ.

ಹೀಗೆ ಮಾಡಿ ನೋಡಿ

* ಸಿನಿಮಾ ನಡೆಯುವಾಗ ತಡೆಯಬೇಡಿ. ಕಥೆಯ ಖುಷಿ ಕೆಡಿಸಿದರೆ ಮಾತಿಗೆ ಮಕ್ಕಳು ಕೂರುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಇಟ್ಟುಕೊಳ್ಳಿ.

* ಮೂರು ಪ್ರಶ್ನೆ ಕೇಳಿ. ಇದನ್ನು ಯಾರಾದರೂ ಅಳೆದು ನೋಡಿದ್ದಾರಾ? ಇದು ನಿಜವಾಗಿದ್ದರೆ ನಮ್ಮ ಸುತ್ತಮುತ್ತ ಏನು ಕಾಣಬೇಕಿತ್ತು? ಕಥೆಗೆ ಇದು ಯಾಕೆ ಬೇಕಾಯಿತು? ಮೂರನೆಯದನ್ನು ಮರೆಯಬೇಡಿ, ನಿರ್ದೇಶಕರ ಜಾಣತನ ಮಕ್ಕಳಿಗೆ ಅರ್ಥವಾಗುವುದು ಅಲ್ಲೇ.

* ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಇಬ್ಬರೂ ಸೇರಿ ಹುಡುಕೋಣ” ಎನ್ನಿ. ಒಂದೇ ಕಡೆ ನೋಡಿ ನಂಬಬೇಡಿ. ಶಾಲೆಯ ವಿಜ್ಞಾನದ ಮೇಷ್ಟ್ರನ್ನೂ ಕೇಳಿಕೊಂಡು ಬರಲು ಹೇಳಿ.

* ವಾದದಲ್ಲಿ ಹೆಣ್ಣುಮಕ್ಕಳನ್ನು ಮುಂದೆ ಕೂರಿಸಿ. “ಇದೆಲ್ಲ ಅಣ್ಣನ ವಿಷಯ” ಎಂಬ ಮಾತು ಮನೆಯಲ್ಲಿ ಬರದಿರಲಿ.

* ಗೆದ್ದವರಾರು, ಸೋತವರಾರು ಎಂದು ತೀರ್ಪು ಕೊಡಬೇಡಿ. ಯಾವ ಕಾರಣಕ್ಕೆ ಅಭಿಪ್ರಾಯ ಬದಲಾಯಿತು ಎಂದು ಹೇಳಿದವರಿಗೆ ಒಂದು ಶಹಬ್ಬಾಸ್‌ಗಿರಿ ಕೊಡಿ.

* ಚಿಕ್ಕ ಮಕ್ಕಳಿಗೆ ಪ್ರಳಯದ ಸಿನಿಮಾ ರಾತ್ರಿ ಹೊತ್ತು ಬೇಡ. ಮಗು ಹೆದರಿದ್ದರೆ ಮೊದಲು ತಬ್ಬಿಕೊಳ್ಳಿ, ಆಮೇಲೆ ವಿಜ್ಞಾನ. ದಿನಗಳು ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಮಕ್ಕಳು ದೊಡ್ಡವರಾದಂತೆ ನಮ್ಮನ್ನು ಕೇಳುವ ಪ್ರಶ್ನೆಗಳು ತಾವಾಗಿ ಕಡಿಮೆಯಾಗುತ್ತವೆ. ಕೇಳುವಷ್ಟು ದಿನ ಕೇಳಲಿ. ಮುಂದಿನ ಸಲ ಅಡುಗೆಮನೆ ಬಾಗಿಲಲ್ಲಿ ಪ್ರಶ್ನೆ ಬಂದು ನಿಂತಾಗ ಒಲೆ ಸಣ್ಣಗೆ ಮಾಡಿ, “ನಿಂಗೇನನ್ಸುತ್ತೆ? ಯಾಕೆ ಹಾಗನ್ಸುತ್ತೆ?” ಅಂತ ಮರಳಿ ಕೇಳಿ ನೋಡಿ. ಸಾರು ಎರಡು ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ, ಏನಂತೀರಿ?